ದಿಂಬಿಗೊಂದು ಜಾಗ

"ಸಹಿ ಆಮೇಲೆ. ಮೊದ್ಲು ಇಲ್ಲಿ ನಿಂತು ನೋಡ್ತೀನಿ" ಎಂದ ಅತ್ತಿಗೆ, ಮಾಲ್‌ನ ಮುಂಬಾಗಿಲಿಗೆ ಎದುರಾಗಿ, ಎಸ್ಕಲೇಟರ್ ಬುಡದಲ್ಲಿ, ಕಂಕುಳಲ್ಲೊಂದು ದಿಂಬು ಇಟ್ಟುಕೊಂಡು ನಿಂತೇಬಿಟ್ಟಳು. ಕರಾರಿನ ಕಾಗದ ಚಾಚಿದ್ದ ಮ್ಯಾನೇಜರ್ ಕೈ ಹಿಂದಕ್ಕೆ ತೆಗೆದುಕೊಂಡ. ಇನ್ನೊಂದು ದಿಂಬು ಹೊತ್ತಿದ್ದ ಮೈದುನ ನಾಚಿಕೆಯಿಂದ ನೆಲ ನೋಡಿದ.

"ಎಷ್ಟೊತ್ತು ನಿಲ್ತೀರಮ್ಮಾ?" ಎಂದ ಮ್ಯಾನೇಜರ್.

"ಒಬ್ಬರಾದ್ರೂ ನಿಂತು ಇದನ್ನ ಮುಟ್ಟಿ ನೋಡೋವರೆಗೂ."

ಮೂರು ತಿಂಗಳ ಮಟ್ಟಿಗೆ ಒಂದು ಕಿಯೋಸ್ಕ್. ಗೋಡೆಯಿಲ್ಲ, ಬಾಗಿಲಿಲ್ಲ, ಎದೆಮಟ್ಟದ ಕಟ್ಟೆ ಮತ್ತು ಮೇಲೊಂದು ಬೋರ್ಡು ಅಷ್ಟೇ. ವಾರವಿಡೀ ಅಲೆದು ಈ ಜಾಗ ಗಿಟ್ಟಿಸಿದ್ದವನು ಮೈದುನ. ಅವರ ಹಾಸಿಗೆ ಅಂಗಡಿಯಿರುವ ಬೀದಿಗೆ ಗಿರಾಕಿಗಳು ಕಾಲಿಡುವುದನ್ನೇ ಬಿಟ್ಟಿದ್ದರು. ಬಾಡಿಗೆ ಒಟ್ಟಿಗೇ ಕಟ್ಟಬೇಕು, ಎರಡನೇ ಸಲ ಕಟ್ಟುವ ತಾಕತ್ತು ಆ ಮನೆಗಿಲ್ಲ. ಇದೂ ಕೈಕೊಟ್ಟರೆ ಹತ್ತಿ ಹಿಂಜುವ ಯಂತ್ರ ಗುಜರಿಗೆ, ಮೈದುನ ಸ್ಪಂಜಿನ ಹಾಸಿಗೆ ಮಾಡುವ ಕಾರ್ಖಾನೆಗೆ. ಅತ್ತಿಗೆ ಹೋಗುವುದೆಲ್ಲಿಗೆ? ಇಪ್ಪತ್ತೆರಡು ವರ್ಷ ಆ ಯಂತ್ರದ ಮುಂದೆ ನಿಂತವಳು. ಹಿಡಿ ಹತ್ತಿ ಹಿಸುಕಿ ನೋಡಿಯೇ ಅದು ಎಷ್ಟು ವರ್ಷಕ್ಕೆ ಗಂಟು ಕಟ್ಟುತ್ತದೆಂದು ಹೇಳುವಳು. ಬೇರೆ ಕೆಲಸ ಬಾರದು, ಕಲಿಯುವ ಮನಸ್ಸೂ ಅವಳಿಗಿರಲಿಲ್ಲ.

ಒಂದು ಗಂಟೆ ನಿಂತಳು. ಎಸ್ಕಲೇಟರ್ ಇಳಿದವರು ಹಿಂದಿನವರು ಎಲ್ಲಿ ಮೈಮೇಲೆ ಬೀಳುತ್ತಾರೋ ಎಂದು ದಾಪುಗಾಲು ಹಾಕುತ್ತಿದ್ದರು. ಬಾಗಿಲಿನಿಂದ ಬಂದವರು ಕತ್ತೆತ್ತಿ ಮೇಲಿನ ಮಹಡಿಗಳನ್ನೇ ನೋಡುತ್ತಿದ್ದರು. ಒಬ್ಬಾಕೆ ಕಂಬವೊಂದನ್ನು ಬಳಸಿ ಹೋಗುವಂತೆ ಅತ್ತಿಗೆಯನ್ನು ಬಳಸಿಕೊಂಡು ಹೋದಳು. ಒಬ್ಬ ಹತ್ತಿರ ಬಂದ. ಅತ್ತಿಗೆ ದಿಂಬು ಮುಂದೆ ಮಾಡಿದಳು. ಅವನು ಲಿಫ್ಟ್ ಎಲ್ಲಿದೆ ಎಂದು ಕೇಳಿದ.

"ಎಷ್ಟು ಜನ ನೋಡಿದ್ರಾ ಅತ್ತಿಗೆ!" ಎಂದ ಮೈದುನ, ಜಾಗ ಹುಡುಕಿದ್ದು ತಾನೇ ಎಂಬ ಹೆಮ್ಮೆಯಲ್ಲಿ.

"ಜನ ಎಲ್ಲಿದಾರೋ? ಬರೀ ಕಾಲು ಓಡಾಡ್ತಿವೆ. ಕಾಲಿಗೆ ದಿಂಬು ಮಾರ್ತೀಯಾ?"

"ಈ ಜಾಗಕ್ಕೆ ಇನ್ನಿಬ್ಬರು ಕಾಯ್ತಿದಾರೆ ಅತ್ತಿಗೆ. ಮೊಬೈಲ್ ಕವರ್ ಮಾರೋರು."

"ಅವರಿಗೇ ಕೊಡ್ಲಿ. ನಡೀತಾ ನಡೀತಾ ಕೊಳ್ಳೋ ಸಾಮಾನು ಅದು" ಎಂದವಳೇ ಅತ್ತಿಗೆ ಹೊರಟಳು. ಗಾಜಿನ ಅಂಗಡಿಗಳನ್ನು ಒಂದೊಂದಾಗಿ ದಾಟಿ ಕೆಳಮಹಡಿಯ ಕಟ್ಟಕಡೆಯ ತಿರುವಿಗೆ ಬಂದು ನಿಂತಳು. ಆಚೆಗೊಂದು ಟಾಯ್ಲೆಟ್, ಈಚೆಗೊಂದು ಟಾಯ್ಲೆಟ್. ನಡುವೆ ಗೋಡೆಗೆ ತಾಗಿಸಿದ ಕಬ್ಬಿಣದ ಬೆಂಚು. ಅದರ ಮೇಲೆ ಒಳಗೆ ಹೋದವರ ಸಾಮಾನು ಕಾಯುತ್ತಾ ನಾಲ್ಕಾರು ಮಂದಿ ಕುಸಿದು ಕೂತಿದ್ದರು. ತುದಿಯಲ್ಲಿದ್ದವನ ಎರಡೂ ಕೈಯಲ್ಲಿ ಚೀಲಗಳು. ತೂಕಡಿಸಿ ತೂಕಡಿಸಿ ಅವನ ತಲೆ ಗೋಡೆಗೆ ಬಡಿಯುತ್ತಿತ್ತು. ಪ್ರತಿ ಸಲ ಬೆಚ್ಚಿ, ಸುತ್ತ ನೋಡಿ, ಮತ್ತೆ ಕಣ್ಣು ಮುಚ್ಚುತ್ತಿದ್ದ. ಅತ್ತಿಗೆ ಎರಡು ಸಲ ನೋಡಿದಳು. ಮೂರನೇ ಸಲ ತಲೆ ಗೋಡೆ ಸೇರುವ ಮೊದಲೇ ನಡುವೆ ದಿಂಬು ತೂರಿಸಿದಳು. ತಲೆ ಮೆತ್ತಗೆ ಇಳಿಯಿತು. ಈ ಸಲ ಅವನು ಏಳಲಿಲ್ಲ.

"ಇಲ್ಲೇ ಹಾಕ್ತೀನಿ" ಎಂದಳು, ಹಿಂದೆಯೇ ಓಡಿ ಬಂದಿದ್ದ ಮ್ಯಾನೇಜರನಿಗೆ.

"ಇಲ್ಲಿ ಯಾರೂ ಅಂಗಡಿ ಹಾಕಲ್ಲಮ್ಮಾ. ನಮ್ಮ ನಕ್ಷೇಲೇ ಈ ಜಾಗ ಇಲ್ಲ!"

"ಇಲ್ದಿದ್ರೆ ಬರ್ಕೊಳ್ಳಿ."

"ಟಾಯ್ಲೆಟ್ ಮುಂದೆ ದಿಂಬಾ ಅತ್ತಿಗೆ?" ಮೈದುನನ ಮುಖ ಹುಳಿ ಹಿಂಡಿದಂತಾಯಿತು. "ನೆಂಟರಿಷ್ಟರು ಕಂಡ್ರೆ ನಮ್ಮ ಮಾನ ಏನಾಗ್ಬೇಕು?"

"ಯಾಕೆ, ನಿನ್ನ ನೆಂಟರು ಟಾಯ್ಲೆಟ್‌ಗೆ ಹೋಗೋದೇ ಇಲ್ವಾ? ಮಾನ ಬೇಕಿದ್ರೆ ಮುಂಬಾಗಿಲಲ್ಲಿ ನಿಂತು ಮೂರು ತಿಂಗಳು ನೊಣ ಹೊಡಿ, ಹೋಗು. ಸುಸ್ತಾದೋರು ಎಲ್ಲಿ ಕೂರ್ತಾರೋ ಅಲ್ಲಿ ಮಾರಬೇಕು ಇದನ್ನ."

"ಗಿರಾಕಿಗಳು ಮಲಗೋದೆಲ್ಲ ಇಲ್ಲಿ ನಡೆಯಲ್ಲ. ಮೊದ್ಲು ಅವರನ್ನ ಎಬ್ಬಿಸಿ!" ಎಂದ ಮ್ಯಾನೇಜರ್.

"ಧೈರ್ಯ ಇದ್ರೆ ನೀವೇ ಎಬ್ಬಿಸಿ."

ಮ್ಯಾನೇಜರ್ ಕೈ ಚಾಚಿದ. ಆ ಕೈ ಮಲಗಿದವನ ಭುಜದ ತನಕ ಹೋಗಿ ನಿಂತಿತು. ನಿದ್ದೆಯಲ್ಲಿ ಅವನ ಬೆರಳುಗಳು ಸಡಿಲಾಗಿ ಚೀಲಗಳು ಒಂದೊಂದಾಗಿ ನೆಲಕ್ಕೆ ಜಾರುತ್ತಿದ್ದವು.

ಅಷ್ಟರಲ್ಲಿ ಅವನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಗಂಡನನ್ನು ನೋಡಿದಳು, ದಿಂಬನ್ನು ನೋಡಿದಳು, ಸುತ್ತ ನಿಂತಿದ್ದ ಮೂವರು ಅಪರಿಚಿತರನ್ನು ನೋಡಿದಳು. ಬೈಗುಳ ಬಿತ್ತೆಂದು ಮೈದುನ ಒಂದು ಹೆಜ್ಜೆ ಹಿಂದೆ ಸರಿದ. ಆಕೆ ಬೈಯಲಿಲ್ಲ. ಸದ್ದಾಗದಂತೆ ಚೀಲಗಳನ್ನು ಬಾಚಿಕೊಂಡು ಗಂಡನ ಪಕ್ಕ ಕೂತು, ಅವನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

"ಇನ್ನೊಂದು ಇದೆಯಾ?" ಎಂದಳು ಪಿಸುಮಾತಿನಲ್ಲಿ.

"ಇದೆ ಮೇಡಂ, ಅಪ್ಪಟ ಬೂರುಗದ ಹತ್ತಿ, ಬೆಲೆ..." ಮೈದುನ ಶುರುಮಾಡಿದ.

"ಬಾಯ್ಮುಚ್ಕೊಂಡು ಕೊಡೋ" ಎಂದಳು ಅತ್ತಿಗೆ.

ದಿಂಬು ಗೋಡೆಗಿಟ್ಟು ತಲೆ ಒರಗಿಸಿದ್ದೇ ತಡ, ಆ ಹೆಂಗಸೂ ಕಣ್ಣು ಮುಚ್ಚಿದಳು. ಮ್ಯಾನೇಜರ್ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಅತ್ತಿಗೆಯ ಕಿವಿಯ ಹತ್ತಿರ ಬಾಗಿದ. "ಮೂಲೆ ಜಾಗ ಅಂತ ಬಾಡಿಗೆ ಇಳಿಸಲ್ಲಮ್ಮಾ, ಆಮೇಲೆ ಕೇಳಬಾರದು."

"ಇಳಿಸಿ ಅಂತ ನಾನು ಕೇಳಿದ್ನಾ?"

ಅವನ ಜೇಬಿನಿಂದ ಪೆನ್ನನ್ನೂ ಕೈಯಿಂದ ಕಾಗದವನ್ನೂ ಅವಳೇ ಕಿತ್ತುಕೊಂಡಳು. ಕಾಗದವನ್ನು ಟಾಯ್ಲೆಟ್ ಬಾಗಿಲ ಪಕ್ಕದ ಗೋಡೆಗೆ ಒತ್ತಿ ಹಿಡಿದು, 'ಮುಂಬಾಗಿಲು' ಎಂದಿದ್ದುದನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದಳು. ಕಾಗದ ಹರಿದು, ಶಾಯಿ ಗೋಡೆಗೂ ಇಳಿಯಿತು.