ದೊಡ್ಡಪ್ಪನ ಸಹಿ

ಅಕ್ಕಿ ಗಿರಣಿಗೆ ಹೊಸದಾಗಿ ಸೇರಿದ್ದ ಎಂಜಿನಿಯರ್ ಶಾಹೀನಾ ಬಾಯ್ಲರ್ ಪುಸ್ತಕ ಹಿಡಿದು ಮಾಲೀಕ ವಿರೂಪಣ್ಣನ ಮುಂದೆ ನಿಂತಳು.

"ಸರ್, ಒತ್ತಡ ದಿನಾ ಒಂದೇ ಅಂತ ಬರದು ಸಹಿ ಮಾಡ್ಯಾರ. ಹಂಗ ಇರಾಕ ಸಾಧ್ಯನ ಇಲ್ರಿ. ಹೊರಗಿನವರನ್ನ ಕರಸಿ ತಪಾಸಣೆ ಮಾಡಸೂಣು."

"ಅದು ನಮ್ಮ ದೊಡ್ಡಪ್ಪನ ಸಹಿ. ಮನಿ ಹಿರಿಯರು ನೋಡಿದ ಮ್ಯಾಲೆ ಹೊರಗಿನವರಿಗೆ ಯಾಕ ಖರ್ಚು? ನಮ್ಮ ಮನ್ಯಾಗ ಹಿರಿಯರನ್ನ ಪ್ರಶ್ನೆ ಮಾಡಂಗಿಲ್ಲ."

"ಬಾಯ್ಲರ್ ಪಕ್ಕ ಮೂವತ್ತು ಮಂದಿ ದುಡೀತಾರ, ಸರ್."

ವಿರೂಪಣ್ಣನಿಗೆ ಸಿಟ್ಟು ಬಂತು. "ದೊಡ್ಡಪ್ಪ, ನೀವ ಹೇಳ್ರಿ ಈಕಿಗೆ."

ಪಕ್ಕದ ಕುರ್ಚಿಯಲ್ಲಿದ್ದ ದೊಡ್ಡಪ್ಪ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಅಂದರು:

"ಕರಸಪ್ಪ ಹೊರಗಿನವರನ್ನ. ಆ ಮೀಟರಿನ ಮುಳ್ಳು ನನ್ನ ಕಣ್ಣಿಗೆ ಕಾಣದಂಗಾಗಿ ಎರಡು ವರ್ಷ ಆತು. ಯಾರೂ ಕೇಳಲಿಲ್ಲ."