ಮೋತಿಯ ಬಿಲ್ಲೆ

ನಾಯಿ ಹಿಡಿಯುವವನ ಕುಣಿಕೆ ತನ್ನ ನಾಯಿ ಮೋತಿಯ ಕುತ್ತಿಗೆಗೆ ಬಿದ್ದರೂ ನೀಲವ್ವ ಹೆದರಲಿಲ್ಲ. "ಲೈಸನ್ಸ್ ಬಿಲ್ಲಿ ಐತಿ, ನೋಡ್ರಿ! ನಮ್ಮಪ್ಪ ಮುನಸಿಪಾಲ್ಟಿಗೆ ಹೋಗಿ ತಂದಾನ." ಬಿಲ್ಲೆ ಇಲ್ಲದ ನಾಯಿಗಳನ್ನು ಮುನಸಿಪಾಲ್ಟಿಯವರು ಒಯ್ದು ಕೊಲ್ಲುತ್ತಿದ್ದರು. ಮೋತಿಯನ್ನು ಈ ಹಿತ್ತಾಳೆ ಬಿಲ್ಲೆ, ಅಜ್ಜಿಯ ಕಥೆಯ ತಾಯಿತದ ಹಾಗೆ, ಕಾಯುತ್ತದೆಂದೇ ಅವಳು ನಂಬಿದ್ದಳು.

ನಾಯಿ ಹಿಡಿಯುವವನು ಬಿಲ್ಲೆಯನ್ನು ತಿರುವಿ ನೋಡಿ ನಕ್ಕ. "ಇದರ ಮ್ಯಾಲ ಮುನಸಿಪಾಲ್ಟಿ ಮುದ್ರೀನ ಇಲ್ಲಲ್ಲವ್ವಾ! ಯಾರೋ ಛಲೋ ಕಂಚಗಾರ ಮನ್ಯಾಗ ಬಡದು ಮಾಡ್ಯಾನ."

ನೀಲವ್ವ ತಿರುಗಿದಳು. ಅಪ್ಪ ತನ್ನ ಹಿತ್ತಾಳೆ ಪಾತ್ರೆ ಬಡಿಯುವ ಅಂಗಡಿಯ ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ.

"ಯಜಮಾನ್ರ, ಈ ನಾಯಿ ನಿಮ್ಮದೇನ್ರಿ? ಖೊಟ್ಟಿ ಬಿಲ್ಲಿ ಹಾಕಿದವರಿಗೆ ಜೇಲ ಐತಿ."

ಅಪ್ಪ ಮಗಳ ಮುಖ ನೋಡಲಿಲ್ಲ. "ನಮ್ಮದಲ್ರಿ. ಓಣ್ಯಾಗಿನ ನಾಯಿ."

ಆ ದನಿ ಕೇಳಿದ್ದೇ ತಡ, ಮೋತಿ ಕುಣಿಕೆಯೊಳಗಿಂದಲೇ ಅವನತ್ತ ಬಾಲ ಅಲ್ಲಾಡಿಸಿತು.