ಮೆತ್ತನೆಯ ಬ್ರಶ್ಶು

"ಗಲ್ಲಕ್ಕ ಹಚ್ಚಿ ನೋಡ್ರಿ," ಎಂದ ಅಂಗಡಿಯ ಓಂಪ್ರಕಾಶ. ಮಹಾರುದ್ರಪ್ಪ ಐದು ದಿನದ ಗಡ್ಡದ ಮೇಲೆ ಶೇವಿಂಗ್ ಬ್ರಶ್ಶನ್ನು ಮೆಲ್ಲಗೆ ಆಡಿಸಿದ. ಮೊದಲು ನೋಡಿದ ನೈಲಾನಿನದು ಚುಚ್ಚಿತ್ತು. ಇದು ಮೆತ್ತಗಿತ್ತು. ಬಸವಕಲ್ಯಾಣದಲ್ಲಿ ಇಷ್ಟು ಸಸ್ತಾ ಬೇರೆಲ್ಲೂ ಸಿಗುವಂತಿರಲಿಲ್ಲ.

"ಇದು ಯಾವ ಕೂದಲ್ರಿ?"

"ಬ್ಯಾಜರ್ ಅಂತ ಒಂದು ಪ್ರಾಣೀದು. ನಮ್ಮ ಕಡೆ ಗೋರಿ ಕೆದರೋ ಬಿಜ್ಜು ಇರ್ತದಲ್ರಿ, ಅದರ ಜಾತೀದು."

ಬ್ರಶ್ಶು ಗಲ್ಲದ ಮೇಲೇ ನಿಂತಿತು. ಮಂಠಾಳದ ಹೊಲದ ಬದುವಿನಲ್ಲಿ ಹೆಂಡತಿ ಲಲಿತಾಬಾಯಿಯನ್ನು ಮಣ್ಣು ಮಾಡಿ ಐದೇ ದಿನವಾಗಿತ್ತು. ಬಿಜ್ಜು ಬರುತ್ತದೆಂದು ಊರವರು ಮಣ್ಣಿನ ಮೇಲೆ ಜಾಲಿಮುಳ್ಳು ಹೇರಿದ್ದರು. ಎಲ್ಲರೂ ಹೋದ ಮೇಲೆ ಅವನೊಬ್ಬನೇ ಹಿಂದೆ ಉಳಿದು, ಅವಳಿಗೆ ಚುಚ್ಚೀತೆಂದು, ಒಂದೊಂದೇ ಮುಳ್ಳನ್ನು ತೆಗೆದು ದೂರ ಎಸೆದು ಬಂದಿದ್ದ. ಆಮೇಲೆ ಆ ಕಡೆ ಹೋಗಿರಲಿಲ್ಲ.

ಬ್ರಶ್ಶನ್ನು ಕೆಳಗಿಟ್ಟ. ಗಲ್ಲಕ್ಕೆ ಒಂದು ಕೂದಲು ಅಂಟಿಕೊಂಡಿತ್ತು. ಅದನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ.

"ಇದನ್ನ ಕಟ್ಟಲೇನ್ರಿ ಕಾಕಾ?"

"ಓಂಪ್ರಕಾಶ," ಎಂದ ಮಹಾರುದ್ರಪ್ಪ. "ಜಾಲಿಮುಳ್ಳು ಕಡಿಯೋ ಕೊಡ್ಲಿ ಎಲ್ಲಿ ಸಿಗ್ತದ?"